ಶಾಸನಸಭೆಯ ಜಮಾ ಖರ್ಚು
(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಮೊದಲ ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯನ್ನು ಮಗನ ಕೈಗೊಪ್ಪಿಸಿ ಬಂದವರಿದ್ದೀರಿ. ರಾತ್ರಿಪಾಳಿಗೆ ಹೋಗಬೇಕಾದವರು ಗಡಿಯಾರದ ಕಡೆ ನೋಡುತ್ತಿರುವುದೂ ನಮಗೆ ಕಾಣುತ್ತಿದೆ. ಆದುದರಿಂದ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ಕಿರಾಣಿ ಅಂಗಡಿಯವರು ವರ್ಷಕ್ಕೊಮ್ಮೆ ಕಿರ್ದಿ ಪುಸ್ತಕ ಮುಗಿಸಿ, ಬಂದದ್ದೆಷ್ಟು, ಹೋದದ್ದೆಷ್ಟು, ಉದ್ರಿ ನಿಂತದ್ದೆಷ್ಟು ಎಂದು ನೋಡುತ್ತಾರೆ. ಹತ್ತು ರೂಪಾಯಿ ತಾಳೆಯಾಗದಿದ್ದರೆ ರಾತ್ರಿಯೆಲ್ಲ ಕುಳಿತು ಹುಡುಕುತ್ತಾರೆ. ಆದರೆ ನಮ್ಮ ದುಡಿಮೆಯ ಹೊತ್ತನ್ನೂ ವ್ಯಾಪಾರದ ತೆರಿಗೆಯನ್ನೂ ಸಾಲದ ಬಡ್ಡಿಯನ್ನೂ ನಿರ್ಣಯಿಸುವ ಶಾಸನಸಭೆಯ ಕಿರ್ದಿಯನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ? ಆರಿಸಿಹೋದ ಶಾಸಕರು ವರ್ಷಕ್ಕೊಮ್ಮೆಯಾದರೂ ಕ್ಷೇತ್ರಕ್ಕೆ ಬಂದು, ಇಂಥ ಮಸೂದೆ ಬಂದಿತು, ನಾನು ಹೀಗೆ ಮತ ಕೊಟ್ಟೆ, ಕಾರಣ ಇದು ಎಂದು ಲೆಕ್ಕ ಒಪ್ಪಿಸುವುದು ಧರ್ಮ. ಶಂಕುಸ್ಥಾಪನೆಗೆ ಬರುವವರು, ಮದುವೆಗೆ ಬರುವವರು, ಲೆಕ್ಕ ಹೇಳುವುದಕ್ಕೆ ಬರುವುದಿಲ್ಲ. ನಮ್ಮಲ್ಲಿ ಯಾರೂ ಶಾಸಕರಲ್ಲ. ಆದರೂ ಸಭೆಯಲ್ಲಿ ನಡೆದದ್ದನ್ನು ಓದಿ, ನಿಮಗೆ ತಿಳಿಸುವ ಕೆಲಸವನ್ನು ಈ ಸಂಜೆ ನಾವು ಮಾಡುತ್ತೇವೆ. ಇದರಲ್ಲಿ ಜಮೆಯೂ ಇದೆ, ಖರ್ಚೂ ಇದೆ. ಖರ್ಚನ್ನು ಮಾತ್ರ ಹೇಳಿ ಜಮೆಯನ್ನು ಮುಚ್ಚಿಡುವುದು ಪ್ರಾಮಾಣಿಕರ ಲಕ್ಷಣವಲ್ಲ.

ಮೊದಲು ಮತ ಎಂದರೆ ಏನು ಎಂಬುದನ್ನು ತಿಳಿಯೋಣ. ನಮ್ಮ ವಿಧಾನಸಭೆಯಲ್ಲಿ ಸದಸ್ಯರು 224 ಮಂದಿ. ವಿಧಾನ ಪರಿಷತ್ತಿನಲ್ಲಿ 75 ಮಂದಿ. ಸಂವಿಧಾನದ ಪ್ರಕಾರ ಸದಸ್ಯರಲ್ಲಿ ಹತ್ತನೆಯ ಒಂದು ಪಾಲು ಹಾಜರಿದ್ದರೆ ಸಭೆ ನಡೆಯಬಹುದು. ವಿಧಾನಸಭೆಗೆ ಇದು 23 ಮಂದಿ. ಆರು ಕೋಟಿಗೂ ಮಿಕ್ಕ ಜನರ ಬಾಳನ್ನು ಕಟ್ಟುವ ಕಾಯಿದೆಗೆ 23 ಮಂದಿ ಎದುರಿಗಿದ್ದರೆ ಸಾಕು. ಮಸೂದೆಯ ಮೇಲೆ ಚರ್ಚೆ ಮುಗಿದ ಮೇಲೆ, ಕೆಲವೊಮ್ಮೆ ಚರ್ಚೆ ಆರಂಭವಾಗುವುದಕ್ಕೆ ಮೊದಲೇ, ಸಭಾಧ್ಯಕ್ಷರು ಪರವಾಗಿರುವವರು ಹೌದೆನ್ನಲಿ, ವಿರೋಧವಾಗಿರುವವರು ಇಲ್ಲವೆನ್ನಲಿ ಎನ್ನುತ್ತಾರೆ. ಯಾವ ಕಡೆ ದನಿ ಹೆಚ್ಚೆಂದು ಅವರಿಗೆ ತೋರುತ್ತದೆಯೋ ಆ ಕಡೆ ಗೆದ್ದಿತು. ಇದಕ್ಕೆ ಧ್ವನಿಮತ ಎಂದು ಹೆಸರು. ದನಿಗೆ ಹೆಸರಿಲ್ಲ, ಊರಿಲ್ಲ. ಯಾರು ಹೌದೆಂದರು, ಯಾರು ಇಲ್ಲವೆಂದರು, ಯಾರು ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದರು, ಇದಾವುದೂ ಕಡತದಲ್ಲಿ ಉಳಿಯುವುದಿಲ್ಲ. ಸದಸ್ಯರೊಬ್ಬರು ಎದ್ದು, ಈ ನಿರ್ಣಯವನ್ನು ಒಪ್ಪುವುದಿಲ್ಲ, ತಲೆ ಎಣಿಸಿ ಎಂದು ಪಟ್ಟು ಹಿಡಿದರೆ ಮಾತ್ರ ವಿಭಜನೆಯ ಮತದ ಮಾತು ಬರುತ್ತದೆ. ಈ ವ್ಯತ್ಯಾಸ ನೆನಪಿನಲ್ಲಿರಲಿ. ಇಂದಿನ ಮಾತೆಲ್ಲ ಇದರ ಸುತ್ತ ತಿರುಗುತ್ತದೆ.

ಈಗ ದುಡಿಮೆಯ ಹೊತ್ತಿನ ವಿಷಯ. ಬ್ರಿಟಿಷರ ಕಾಲದ 1911ರ ಕಾರ್ಖಾನೆ ಕಾಯಿದೆ ನೂಲಿನ ಮತ್ತು ಬಟ್ಟೆಯ ಗಿರಣಿಗಳ ಗಂಡಾಳುಗಳಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1922ರಲ್ಲಿ ಅದು 11 ಗಂಟೆಗೆ ಇಳಿಯಿತು, ವಾರಕ್ಕೆ 60 ಗಂಟೆ. 1934ರಲ್ಲಿ ದಿನಕ್ಕೆ 10, ವಾರಕ್ಕೆ 54. 1946ರಲ್ಲಿ ದಿನಕ್ಕೆ 9, ವಾರಕ್ಕೆ 48. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯಿದೆ ಅದನ್ನೇ ಖಾಯಂ ಮಾಡಿತು. ಒಂದೊಂದು ಗಂಟೆ ಇಳಿಯುವುದಕ್ಕೆ ಹತ್ತಾರು ವರ್ಷ ಹಿಡಿಯಿತು. ಯಾವ ಮಾಲೀಕನೂ ಆ ಗಂಟೆಯನ್ನು ದಾನವಾಗಿ ಕೊಡಲಿಲ್ಲ. ಮುಷ್ಕರ ಹೂಡಿದವರು, ಕೆಲಸ ಕಳೆದುಕೊಂಡವರು, ಜೈಲು ಕಂಡವರು ಅದನ್ನು ಸಂಪಾದಿಸಿ ನಮ್ಮ ಕೈಗಿಟ್ಟು ಹೋದರು.

2020ರ ಮೇ ತಿಂಗಳಲ್ಲಿ, ಸಾಂಕ್ರಾಮಿಕದಿಂದ ಜನ ಮನೆ ಬಿಟ್ಟು ಹೊರಬರಲಾರದಿದ್ದಾಗ, ನಮ್ಮ ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು ಎಂಬುದು ಅದರ ಸಾರಾಂಶ. ಇದು ಯಾವ ಸಭೆಯ ಮುಂದೆಯೂ ಬರಲಿಲ್ಲ, ಯಾರೂ ಕೈ ಎತ್ತಲಿಲ್ಲ. ಸಂಘಟಿತ ಕಾರ್ಮಿಕರು ಹೈಕೋರ್ಟಿನ ಬಾಗಿಲು ತಟ್ಟಿದರು. ಜೂನ್ ತಿಂಗಳಲ್ಲಿ ಸರ್ಕಾರ ತನ್ನ ಅಧಿಸೂಚನೆಯನ್ನು ತಾನೇ ಹಿಂದಕ್ಕೆ ಪಡೆಯಿತು. ಇಂತಹುದೇ ಗುಜರಾತಿನ ಅಧಿಸೂಚನೆಯನ್ನು ಅದೇ ವರ್ಷ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು.

ಅಧಿಸೂಚನೆ ಹೋಯಿತು, ಸುಗ್ರೀವಾಜ್ಞೆ ಬಂದಿತು. ಅದರ ಬೆನ್ನಿಗೆ 2020ರ ಸೆಪ್ಟೆಂಬರಿನಲ್ಲಿ ಮಸೂದೆಯೂ ಬಂದಿತು. ವಿದ್ಯುತ್ ಬಳಸುವ ಕಡೆ 10 ಮಂದಿ ಇದ್ದರೆ ಕಾರ್ಖಾನೆ ಎನ್ನುತ್ತಿದ್ದುದನ್ನು 20ಕ್ಕೆ ಏರಿಸಬೇಕು, ನೂರು ಮಂದಿ ಇರುವ ಕಾರ್ಖಾನೆಯನ್ನು ಮುಚ್ಚಲು ಸರ್ಕಾರದ ಅನುಮತಿ ಬೇಕೆಂಬುದನ್ನು ಮುನ್ನೂರು ಮಂದಿಗೆ ಏರಿಸಬೇಕು, ಹೆಚ್ಚುವರಿ ದುಡಿಮೆಯ ಮಿತಿಯನ್ನೂ ಸಡಿಲಿಸಬೇಕು, ಹೀಗೆ ಒಂದೇ ಗಂಟಿನಲ್ಲಿ ಹಲವು ಸಾಮಾನು. ವಿಧಾನಸಭೆಯಲ್ಲಿ ಅದು ದಾಟಿತು. ವಿಧಾನ ಪರಿಷತ್ತಿನಲ್ಲಿ ಮತಕ್ಕೆ ಹಾಕಿದಾಗ ಬಿದ್ದುಹೋಯಿತು. ಸರ್ಕಾರದ ಮಸೂದೆಯೊಂದು ಮೇಲ್ಮನೆಯಲ್ಲಿ ಸೋಲುವುದು ದಿನನಿತ್ಯದ ಸಂಗತಿಯಲ್ಲ. ಅಂದು ಇಲ್ಲವೆಂದ ಸದಸ್ಯರ ಪಕ್ಷ ಯಾವುದೇ ಇರಲಿ, ಆ ಮತವನ್ನು ನಾವು ಜಮೆಯ ಕಡೆಗೆ ಬರೆಯುತ್ತೇವೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಬಾಗಿಲಲ್ಲಿ ತಡೆದರೆ ಹಿತ್ತಿಲ ಬಾಗಿಲಿದೆಯಲ್ಲ! 2023ರ ಫೆಬ್ರವರಿಯಲ್ಲಿ, ಚುನಾವಣೆಗೆ ಇನ್ನು ಕೆಲವೇ ವಾರಗಳಿರುವಾಗ, ಕಾರ್ಖಾನೆ ಕಾಯಿದೆಗೆ ಬೇರೊಂದು ತಿದ್ದುಪಡಿ ಬಂದು ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ಸರ್ಕಾರ ಬಯಸಿದ ಕಾರ್ಖಾನೆಗಳಲ್ಲಿ, ವಿರಾಮವೂ ಸೇರಿ, ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದು. ಮೂರು ತಿಂಗಳಿಗೆ 75 ಗಂಟೆ ಇದ್ದ ಹೆಚ್ಚುವರಿ ದುಡಿಮೆಯ ಮಿತಿ 144 ಗಂಟೆಯಾಯಿತು. ವಾರಕ್ಕೆ 48 ಗಂಟೆಯ ಮಿತಿ ಹಾಗೆಯೇ ಉಳಿಯಿತು, ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕೆಂದೂ ಬರೆದರು. ಇದನ್ನೂ ನಾವು ಹೇಳಬೇಕು. ನಾಲ್ಕು ದಿನ ದುಡಿದು ಮೂರು ದಿನ ವಿಶ್ರಾಂತಿ ಪಡೆಯಿರಿ, ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಒಳ್ಳೆಯದೇ. ಆದರೆ ಹಿಂದೆ ದಿನಕ್ಕೆ 9 ಗಂಟೆ ದಾಟಿದರೆ ಇಮ್ಮಡಿ ಕೂಲಿ ಸಿಗುತ್ತಿತ್ತು. ಈ ತಿದ್ದುಪಡಿಯಲ್ಲಿ ವಾರಕ್ಕೆ ನಾಲ್ಕು ದಿನ ದುಡಿಯುವವನಿಗೆ ಹನ್ನೊಂದೂವರೆ ಗಂಟೆ ದಾಟಿದ ಮೇಲೆಯೇ ಇಮ್ಮಡಿ. ನಡುವಿನ ಎರಡೂವರೆ ಗಂಟೆಯ ಇಮ್ಮಡಿ ಯಾರ ಜೇಬಿಗೆ ಹೋಯಿತೆಂದು ಲೆಕ್ಕ ಬಲ್ಲ ವ್ಯಾಪಾರಿ ಬಂಧುಗಳೇ ಹೇಳಬೇಕು. ಇನ್ನು ಲಿಖಿತ ಒಪ್ಪಿಗೆಯ ಮಾತು. ಗೇಟಿನ ಹೊರಗೆ ಕೆಲಸಕ್ಕಾಗಿ ಹತ್ತು ಮಂದಿ ನಿಂತಿರುವಾಗ, ಒಳಗಿರುವವನು ಸಹಿ ಹಾಕುವುದಿಲ್ಲ ಎನ್ನಬಲ್ಲನೆ? ಸಂಘವಿದ್ದರೆ ಎನ್ನಬಲ್ಲ. ಒಬ್ಬಂಟಿಯಾದರೆ ಸಹಿ ಹಾಕಿ ನಾಳೆಯ ಪಾಳಿಗೆ ಬರುತ್ತಾನೆ.

ಇದೇ ತಿದ್ದುಪಡಿ ಹೆಂಗಸರ ರಾತ್ರಿಪಾಳಿಗೂ ಅವಕಾಶ ಕೊಟ್ಟಿತು. ಹಿಂದಿನ ಕಾಯಿದೆಯಲ್ಲಿ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರನ್ನು ದುಡಿಸಲು ನಿಷೇಧವಿತ್ತು. ಈಗ ಒಪ್ಪಿಗೆ, ಭದ್ರತೆ, ವಾಹನ ಮುಂತಾದ ಷರತ್ತುಗಳೊಡನೆ ಬಿಟ್ಟರು. ಹೆಣ್ಣುಮಕ್ಕಳು ರಾತ್ರಿ ದುಡಿಯಬಾರದೆಂದು ನಾವು ಹೇಳುವುದಿಲ್ಲ. ದುಡಿಯುವ ಹಕ್ಕು ಅವರಿಗೂ ಇದೆ. ಆದರೆ ವಾಹನ ಬೀದಿಯ ತಿರುವಿನಲ್ಲಿ ಇಳಿಸಿ ಹೋಗುವುದೋ ಮನೆಬಾಗಿಲಿಗೆ ಬರುವುದೋ ಎಂಬುದನ್ನು ನೋಡಿಕೊಳ್ಳುವ ತನಿಖಾಧಿಕಾರಿ ಎಲ್ಲಿದ್ದಾನೆ ಎಂದು ನಮ್ಮ ಸೋದರಿಯರು ಕೇಳಬೇಕು.

ಈ ತಿದ್ದುಪಡಿಯನ್ನು ತಂದ ಸರ್ಕಾರ 2023ರ ಮೇ ತಿಂಗಳಲ್ಲಿ ಸೋತು ಮನೆಗೆ ಹೋಯಿತು. ಸಭೆಯಲ್ಲಿ ಅದನ್ನು ಆಕ್ಷೇಪಿಸಿದವರೇ ಅಧಿಕಾರಕ್ಕೆ ಬಂದರು. ಇನ್ನಾದರೂ ಬದಲಾಗಬಹುದೆಂದು ನಾವು ನೀವು ನಂಬಿದೆವು. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ 12 ಗಂಟೆಯ ತಿದ್ದುಪಡಿ ಕಾಯಿದೆಯಾಗಿ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ಗದ್ದುಗೆಯ ಮೇಲೆ ಕುಳಿತವರು ಬದಲಾದರು, ಗಡಿಯಾರದ ಮುಳ್ಳು ಬದಲಾಗಲಿಲ್ಲ.

ಕೊನೆಯದಾಗಿ ದೆಹಲಿ. ಸಂಸತ್ತು 2020ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿದ ಕಾರ್ಮಿಕ ಸಂಹಿತೆಗಳೂ ಸೇರಿ ಒಟ್ಟು ನಾಲ್ಕು ಸಂಹಿತೆಗಳನ್ನು ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ಜಾರಿಗೆ ತಂದಿತು. 1948ರ ಕಾರ್ಖಾನೆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದು ಕುಳಿತಿತು. ಅದರಲ್ಲಿ ದಿನಕ್ಕೆ 8 ಗಂಟೆ ಎಂದಿದೆ, ಹೆಚ್ಚುವರಿ ದುಡಿಮೆಗೆ ಕಾರ್ಮಿಕನ ಒಪ್ಪಿಗೆ ಮತ್ತು ಇಮ್ಮಡಿ ಕೂಲಿ ಎಂದಿದೆ. ಇದು ಜಮೆ. ಆದರೆ ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಬಳಸುವ ಕಡೆ 20 ಮಂದಿ, ಬಳಸದ ಕಡೆ 40 ಮಂದಿ ಬೇಕು. ಮುಚ್ಚಲು ಅನುಮತಿ ಬೇಕೆಂಬ ಸಂಖ್ಯೆ ಮುನ್ನೂರಾಯಿತು. 2020ರಲ್ಲಿ ನಮ್ಮ ಮೇಲ್ಮನೆ ತಲೆ ಎಣಿಸಿ ಆಚೆಗೆ ಹಾಕಿದ ಅದೇ 20, ಅದೇ 300! ಬೆಂಗಳೂರಿನಲ್ಲಿ ಸೋತದ್ದು ದೆಹಲಿಯ ದಾರಿಯಾಗಿ ನಮ್ಮೂರಿಗೆ ಬಂದಿತು. ಹದಿನೈದು ಮಂದಿ ದುಡಿಯುವ ಜಿನ್ನಿಂಗ್ ಫ್ಯಾಕ್ಟರಿಯವರು, ಸಣ್ಣ ಎಣ್ಣೆಗಿರಣಿಯವರು, ಅಕ್ಕಿಗಿರಣಿಯವರು ನಿಮ್ಮ ಪಕ್ಕದಲ್ಲೇ ಕುಳಿತಿದ್ದಾರೆ. ಕಾರ್ಖಾನೆ ಎಂಬ ಲೆಕ್ಕದಿಂದ ಹೊರಗಾಗುವವರು ಇವರೇ. ಇನ್ನು ಮುಂದೆ ಈ ಸಂಹಿತೆಗಳ ಕೆಳಗಿನ ಬಹಳಷ್ಟು ಸಂಗತಿ ರಾಜ್ಯ ಸರ್ಕಾರದ ನಿಯಮಗಳಲ್ಲಿ ನಿರ್ಧಾರವಾಗುತ್ತದೆ. ನಿಯಮಗಳು ಕರಡಾಗಿ ಗೆಜೆಟ್ಟಿನಲ್ಲಿ ಬರುತ್ತವೆ, ಆಕ್ಷೇಪಣೆಗೆ ಅವಧಿ ಕೊಡುತ್ತಾರೆ. ಆ ಅವಧಿಯಲ್ಲಿ ನಮ್ಮ ಸಂಘಗಳು ಬರೆಯದಿದ್ದರೆ ಮಾಲೀಕರ ಸಂಘಗಳು ಬರೆಯುತ್ತವೆ. ಅವರು ಎಂದೂ ಅವಧಿ ಮರೆಯುವುದಿಲ್ಲ.

ಈಗ ವ್ಯಾಪಾರಿ ಬಂಧುಗಳ ಪುಟಕ್ಕೆ ಬರೋಣ. ಸರಕು ಮತ್ತು ಸೇವಾ ತೆರಿಗೆಯ ರಾಜ್ಯ ಕಾಯಿದೆ ನಮ್ಮ ಶಾಸನಸಭೆಯಲ್ಲಿ 2017ರ ಜೂನ್ ತಿಂಗಳಲ್ಲಿ ಅಂಗೀಕಾರವಾಯಿತು. ಅಂದು ಅದನ್ನು ಓದಿದ ಅಂಗಡಿಯವರೆಷ್ಟು? ಎಂಟು ವರ್ಷದ ನಂತರ, 2025ರ ಜುಲೈನಲ್ಲಿ, ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಬೇಕರಿಯವರಿಗೆ, ಹಾಲಿನ ಅಂಗಡಿಯವರಿಗೆ, ಬೀಡಾ ಅಂಗಡಿಯವರಿಗೆ ನೋಟೀಸು ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಮಾಡಿಸಬೇಕೆಂಬುದು ನಿಯಮ. ವಹಿವಾಟು ಬೇರೆ, ಲಾಭ ಬೇರೆ. ಹಾಲಿನ ಪೊಟ್ಟಣಕ್ಕೆ ರೂಪಾಯಿಯೋ ಎರಡು ರೂಪಾಯಿಯೋ ಉಳಿಸಿಕೊಳ್ಳುವವನ ಖಾತೆಯಲ್ಲಿ ಲಕ್ಷಗಟ್ಟಲೆ ಹರಿದು ಹೋಗುತ್ತದೆ. ತೆರಿಗೆಯಿಲ್ಲದ ಹಾಲು, ತರಕಾರಿಯ ಹಣವೂ ಕೈಸಾಲದ ಹಣವೂ ಆ ಮೊತ್ತದಲ್ಲಿ ಸೇರಿಹೋಗಿರುತ್ತದೆ. ವ್ಯಾಪಾರಿಗಳು ನಗದು ಮಾತ್ರ ಎಂದು ಬೋರ್ಡು ಹಾಕಿದರು, ಬಂದ್ ಮಾಡುವುದಾಗಿ ಸಾರಿದರು. ಜುಲೈ 23ರಂದು ಮುಖ್ಯಮಂತ್ರಿಗಳು ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ತಿಳಿಸಿದರು. ವ್ಯಾಪಾರಿಗಳು ಒಟ್ಟಾದದ್ದರಿಂದಲೇ ಇಷ್ಟಾಯಿತು. ಇದನ್ನು ನಾವು ಸಂತೋಷದಿಂದ ಹೇಳುತ್ತೇವೆ. ಆದರೆ ತೆರಿಗೆ ಕಟ್ಟಬಾರದೆಂದು ನಾವು ಹೇಳಿದೆವೆಂದು ಯಾರೂ ತಿಳಿಯಬಾರದು. ಶಾಲೆ, ಆಸ್ಪತ್ರೆ, ರಸ್ತೆ ತೆರಿಗೆಯಿಂದಲೇ ಆಗಬೇಕು. ದೊಡ್ಡ ತಿಮಿಂಗಿಲವನ್ನು ಬಿಟ್ಟು ಮೊದಲು ಮೀನುಮರಿಗೆ ಬಲೆ ಬೀಸುವುದು ಏಕೆಂಬುದೇ ನಮ್ಮ ಪ್ರಶ್ನೆ.

ಸಾಲದ ವಿಷಯ ನಮ್ಮೆಲ್ಲರ ಮನೆಯ ವಿಷಯ. ಸಣ್ಣ ಸಾಲ ಕೊಟ್ಟವರ ಕಿರುಕುಳದಿಂದ ಊರು ಬಿಟ್ಟವರು, ಜೀವವನ್ನೇ ಬಿಟ್ಟವರು ನಮ್ಮ ರಾಜ್ಯದಲ್ಲಿದ್ದಾರೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಇದಕ್ಕಾಗಿ ಸುಗ್ರೀವಾಜ್ಞೆ ಸಿದ್ಧಪಡಿಸಿತು. ಶಿಕ್ಷೆ ವಿಪರೀತವಾಯಿತೆಂದು ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿದರು. ಎರಡನೆಯ ಬಾರಿ ಅಂಕಿತ ಹಾಕಿದರು. ಮಾರ್ಚಿನಲ್ಲಿ ಅದೇ ಮಸೂದೆಯಾಗಿ ಶಾಸನಸಭೆಯಲ್ಲಿ ಅಂಗೀಕಾರವಾಯಿತು. ಸಾಲ ಕೊಡುವವರು ನೋಂದಣಿ ಮಾಡಿಸಬೇಕು, ಒತ್ತೆ ಇಟ್ಟುಕೊಳ್ಳಬಾರದು, ಬಡ್ಡಿಯನ್ನು ಬರಹದಲ್ಲಿ ತಿಳಿಸಬೇಕು, ಮನೆಮುಂದೆ ಬಂದು ಬೆದರಿಸಿದರೆ 10 ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ. ಪರವಾನಗಿ ನೋಂದಣಿ ಇಲ್ಲದವರಿಂದ ಬಡವರು ಪಡೆದ ಸಾಲ ತೀರಿತೆಂದೇ ಭಾವಿಸಬೇಕು. ಇದನ್ನು ನಾವು ಜಮೆಗೆ ಬರೆಯುತ್ತೇವೆ. ಆದರೆ ಒಂದು ಎಚ್ಚರಿಕೆಯ ಮಾತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ಸಾಲ ಇದರಿಂದ ಮನ್ನಾ ಆಗುವುದಿಲ್ಲ. ಯಾರಾದರೂ ಹಾಗೆ ಹೇಳಿ ಕಂತು ನಿಲ್ಲಿಸಿ ಎಂದರೆ ನಂಬಬೇಡಿ. ಕಾಯಿದೆ ಬೈಗುಳವನ್ನು ತಡೆಯಬಹುದು, ಬಡತನವನ್ನು ತಡೆಯಲಾರದು. ಕೂಲಿ ಸಾಲದೆ ಬಂದದ್ದೇ ಸಾಲ.

ಇನ್ನೊಂದು ಜಮೆ. ನಮ್ಮ ಗಿರಣಿಯವರ ಮಕ್ಕಳು ಬಹಳ ಮಂದಿ ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹಂಚುತ್ತಿದ್ದಾರೆ. ಅವರು ಕಾರ್ಮಿಕರೇ ಅಲ್ಲ, ಪಾಲುದಾರರು ಎಂದು ಕಂಪನಿಗಳು ಹೇಳುತ್ತಿದ್ದವು. ಪಾಲುದಾರನಿಗೆ ಲಾಭದಲ್ಲಿ ಪಾಲಿಲ್ಲ, ಬಿದ್ದು ಕಾಲು ಮುರಿದರೆ ನೋವಿನಲ್ಲಿ ಮಾತ್ರ ಪೂರ್ತಿ ಪಾಲು. 2025ರ ಮೇ ತಿಂಗಳ ಸುಗ್ರೀವಾಜ್ಞೆ, ಆಗಸ್ಟ್ ತಿಂಗಳ ಮಸೂದೆ, ಇವುಗಳ ಮೂಲಕ ಅವರಿಗೊಂದು ಕಲ್ಯಾಣ ಮಂಡಳಿ ಬಂದಿತು. ಪ್ರತಿ ವ್ಯವಹಾರದಲ್ಲಿ ದುಡಿದವನಿಗೆ ಕೊಡುವ ಹಣದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಂಪನಿ ಆ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವಾಗ 14 ದಿನಗಳ ಮುನ್ಸೂಚನೆ ಕೊಡಬೇಕು. ಆ ಹುಡುಗರು ಸಂಘ ಕಟ್ಟಿ ವರ್ಷಗಟ್ಟಲೆ ಕೇಳಿದ್ದರ ಫಲವಿದು.

ಕೊನೆಗೆ ಒಂದು ಸಣ್ಣ ಬಾಬತ್ತು. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಭಾರಿ ಗದ್ದಲ. ಕಾಗದ ಹರಿದು ತೂರಿದರು, ಸಭಾಧ್ಯಕ್ಷರ ಪೀಠದ ಬಳಿ ನುಗ್ಗಿದರು. 18 ಮಂದಿ ಸದಸ್ಯರನ್ನು ಆರು ತಿಂಗಳ ಮಟ್ಟಿಗೆ ಅಮಾನತಿನಲ್ಲಿಟ್ಟರು. ಮೇ ತಿಂಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಆ ಗದ್ದಲದ ನಡುವೆಯೇ, ಚರ್ಚೆಯಿಲ್ಲದೆ, ಒಂದು ಕೆಲಸ ಮಾತ್ರ ಸುಗಮವಾಗಿ ನಡೆಯಿತು. ಶಾಸಕರ ಸಂಬಳ ತಿಂಗಳಿಗೆ 40 ಸಾವಿರದಿಂದ 80 ಸಾವಿರವಾಯಿತು. ಮುಖ್ಯಮಂತ್ರಿಗಳದು 75 ಸಾವಿರದಿಂದ ಒಂದೂವರೆ ಲಕ್ಷವಾಯಿತು. ಭತ್ಯೆಗಳ ಮಾತು ಬೇರೆ. ಶಾಸಕರಿಗೆ ಸಂಬಳ ಬೇಡವೆಂದು ನಾವು ಹೇಳುವವರಲ್ಲ. ಸಂಬಳವಿಲ್ಲದಿದ್ದರೆ ಶ್ರೀಮಂತರು ಮಾತ್ರ ಶಾಸಕರಾಗುತ್ತಾರೆ, ಕೂಲಿಕಾರನ ಮಗ ಆ ಮೆಟ್ಟಿಲು ಹತ್ತಲಾರ. ಆದರೆ ಕನಿಷ್ಠ ಕೂಲಿ ಏರಿಸಿ ಎಂದರೆ ಸಮಿತಿ, ಉಪಸಮಿತಿ, ಮಾಲೀಕರ ಆಕ್ಷೇಪಣೆ, ಕೋರ್ಟು. ತಮ್ಮ ಸಂಬಳವೆಂದರೆ ಒಂದೇ ಮಧ್ಯಾಹ್ನದಲ್ಲಿ ದುಪ್ಪಟ್ಟು. ಆ ದಿನ ಒಬ್ಬ ಸದಸ್ಯನಾದರೂ ಎದ್ದು, ತಲೆ ಎಣಿಸಿ, ನನ್ನ ಹೆಸರು ಬರೆದುಕೊಳ್ಳಿ ಎಂದು ಪಟ್ಟು ಹಿಡಿದು ಎಣಿಕೆ ಮಾಡಿಸಿದ್ದರೆ ಇಂದು ಅವರ ಹೆಸರನ್ನು ನಾವು ಗೌರವದಿಂದ ಹೇಳುತ್ತಿದ್ದೆವು.

ಬಂಧುಗಳೆ, ಲೆಕ್ಕ ಮುಗಿಯಿತು. ಬಾಕಿ ಏನು ನಿಂತಿತು ಎಂಬುದನ್ನು ಹೇಳಿ ಮುಗಿಸುತ್ತೇವೆ. ಮೊನ್ನೆ ನೂಲುವ ಖಾತೆಯ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಅಣ್ಣ, ನಾವು ಮತ ಹಾಕಿದ್ದು ಒಂದು ದಿನ. ಅವರು ನಮ್ಮ ಹೆಸರಿನಲ್ಲಿ ಮತ ಹಾಕೋದು ಐದು ವರ್ಷ. ಆ ಮತಕ್ಕೆ ನಾವು ಸಾಕ್ಷಿ ಆಗೋದು ಹೇಗೆ?" ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾವು ಯಾವ ವಿದ್ವಾಂಸರ ಬಾಯಲ್ಲೂ ಕೇಳಲಿಲ್ಲ.

ಅದಕ್ಕೆ ನಮ್ಮ ಉತ್ತರ ಇಷ್ಟೆ. ಪಕ್ಷ ಯಾವುದಾದರೂ ಸರಿ, ಶಾಸಕರು ನಮ್ಮ ಬೀದಿಗೆ ಬಂದಾಗ ಹಾರ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಮಸೂದೆ ಮತಕ್ಕೆ ಬಂದ ದಿನ ನೀವು ಸಭೆಯಲ್ಲಿದ್ದಿರಾ? ಹೌದೆಂದಿರೋ ಇಲ್ಲವೆಂದಿರೋ? ಇಲ್ಲವೆಂದಿದ್ದರೆ ತಲೆ ಎಣಿಕೆ ಕೇಳಿದಿರಾ, ಧ್ವನಿಮತಕ್ಕೆ ಸುಮ್ಮನಾದಿರಾ? ಸಿಟ್ಟಿನಿಂದ ಕೇಳಬೇಡಿ. ಉದ್ರಿ ತೆಗೆದುಕೊಂಡವನನ್ನು ಅಂಗಡಿಯವನು ಕೇಳುವ ಹಾಗೆ, ಮರ್ಯಾದೆಯಿಂದ, ಆದರೆ ಬಿಡದೆ ಕೇಳಿ. ಸಂಘದ ಕಚೇರಿಯ ಗೋಡೆಯ ಮೇಲೆ ಒಂದು ಹಲಗೆ ತೂಗುಹಾಕಿ. ಮಸೂದೆಯ ಹೆಸರು, ದಿನಾಂಕ, ನಮ್ಮ ಶಾಸಕರ ಉತ್ತರ ಎಂದು ಮೂರು ಅಂಕಣ ಬರೆಯಿರಿ. ಉತ್ತರ ಬಾರದಿದ್ದರೆ ಆ ಅಂಕಣವನ್ನು ಖಾಲಿ ಬಿಡಿ. ಖಾಲಿ ಅಂಕಣವನ್ನೂ ಊರು ಓದುತ್ತದೆ.

2020ರಲ್ಲಿ ಮೇಲ್ಮನೆ ಒಂದು ಮಸೂದೆಯನ್ನು ಬೀಳಿಸಿತು. ಅದು ಶಾಶ್ವತವಾಗಿ ಬೀಳಲಿಲ್ಲ, ನಿಜ. ಆದರೆ ಐದು ವರ್ಷ ನಮ್ಮ ಸಣ್ಣ ಗಿರಣಿಗಳ ಕೂಲಿಕಾರರು ಕಾಯಿದೆಯ ನೆರಳಿನಲ್ಲಿ ಉಳಿದರು. ಐದು ವರ್ಷವೆಂದರೆ ಒಂದು ಮಗು ಅಂಗನವಾಡಿಯಿಂದ ಶಾಲೆಗೆ ಹೋಗುವಷ್ಟು ಕಾಲ. ಎಣಿಸಿದ ಮತಕ್ಕೆ ಅಷ್ಟು ಬೆಲೆಯಿದೆ. ಎಣಿಸುವಂತೆ ಮಾಡುವುದು ನಮ್ಮ ನಿಮ್ಮ ಕೆಲಸ.

ರಾತ್ರಿಪಾಳಿಯವರಿಗೆ ಹೊತ್ತಾಯಿತು. ಹೋಗಿಬನ್ನಿ. ಉಳಿದವರು ಪ್ರಶ್ನೆ ಕೇಳಬಹುದು.